ನವಿಲಹಾಳದ ಮೂರು ಪುಸ್ತಕ

"ಈ ಸಲ ಒಂದೇ ಊರಿನ ಪುಸ್ತಕಗಳನ್ನ ಓದೋಣ ಆಂಟಿ," ಎಂದಳು ಜ್ಯೋತ್ಸ್ನಾ. "ಬರೆದವರು ಬೇರೆ ಬೇರೆ ಇರ್ಲಿ, ಊರು ಮಾತ್ರ ಒಂದೇ. ಎಲ್ಲರೂ ಸೇರಿ ಅಲ್ಲಿ ಸ್ವಲ್ಪ ದಿನ ಇದ್ದು ಬಂದ ಹಾಗೆ ಆಗುತ್ತೆ."

ಡಿಕೇಟರ್‌ನ ವೇಣುಗೋಪಾಲರ ಮನೆಯ ಬೇಸ್‌ಮೆಂಟಿನಲ್ಲಿ ಓದುಗರ ಗುಂಪು ಸೇರಿತ್ತು. ಅಟ್ಲಾಂಟಾದ ಕನ್ನಡಿಗರಲ್ಲಿ ಕನ್ನಡ ಪುಸ್ತಕ ಓದುವ ಚಟವನ್ನು ಇನ್ನೂ ಬಿಡದವರು ಹತ್ತು ಮಂದಿಯಷ್ಟೇ. ಎರಡು ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಮುಂದೆ ಯಾವ ಪುಸ್ತಕ ಎಂದು ಆರಿಸುವ ಕೆಲಸ ವರ್ಷಕ್ಕೊಬ್ಬರದು. ಈ ವರ್ಷ ಅದು ಊರ್ಮಿಳಾಳದು. ಜ್ಯೋತ್ಸ್ನಾ ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದವಳು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು.

"ಒಳ್ಳೇ ಐಡಿಯಾ," ಎಂದರು ವೇಣುಗೋಪಾಲ. ಅವರು ವಿಜ್ಞಾನಿ, ಯಾವುದನ್ನೂ ಪಕ್ಕಕ್ಕೆ ಪಕ್ಕ ಇಟ್ಟು ಹೋಲಿಸಿ ನೋಡುವುದೆಂದರೆ ಅವರಿಗೆ ಇಷ್ಟ. "ಊರು ಹುಡುಕಿಕೊಂಡು ಎಲ್ಲಿಗೋ ಹೋಗೋದು ಬೇಡ. ನಮ್ಮ ಡಾಕ್ಟ್ರ ಊರೇ ಇದೆಯಲ್ಲ, ನವಿಲಹಾಳ. ಪುಟ್ಟ ಊರು, ಆದ್ರೆ ಅದರ ಮೇಲೆ ನನಗೆ ಗೊತ್ತಿರೋ ಹಾಗೆ ಮೂರು ಪುಸ್ತಕ ಬಂದಿದೆ. ಒಂದು ಕಾದಂಬರಿ, ಒಂದು ಕಥೆಗಳದ್ದು, ಇನ್ನೊಂದು ಅಲ್ಲಿನ ಹೈಸ್ಕೂಲ್ ಮೇಷ್ಟ್ರ ಆತ್ಮಕಥೆ. ಏನಂತೀರಿ ಡಾಕ್ಟ್ರೇ?"

ಊರ್ಮಿಳಾಳ ಗಂಡ ವೀರಣ್ಣ ಪಕ್ಕದ ಸೋಫಾದಲ್ಲಿ ಕುಳಿತಿದ್ದರು. ಅವರು ಪುಸ್ತಕ ಓದುವವರಲ್ಲ. ಹೆಂಡತಿಯನ್ನು ಕಾರಿನಲ್ಲಿ ಕರೆತಂದು, ಮಾತು ಕೇಳುತ್ತಾ ಕಾಫಿ ಕುಡಿದು ಹೋಗುವವರು. ಈ ಊರಿನ ಕನ್ನಡದ ಮಕ್ಕಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಅವರ ಕೈಯಲ್ಲಿ.

"ಬ್ಯಾಡ ತಗೀರಿ," ಎಂದು ಅವರು ನಕ್ಕರು. "ಆ ಊರಾಗ ಏನೈತಿ? ಧೂಳ, ಹತ್ತಿ, ಜಗಳ."

"ಕಾದಂಬರಿಗೆ ಇನ್ನೇನು ಬೇಕು ಅಂಕಲ್?" ಎಂದಳು ಜ್ಯೋತ್ಸ್ನಾ. ಎಲ್ಲರೂ ನಕ್ಕರು. ವೀರಣ್ಣನ ನಗು ಮಾತ್ರ ಉಳಿದವರದಕ್ಕಿಂತ ಮೊದಲೇ ನಿಂತಿತು. ಅದು ಊರ್ಮಿಳಾಳ ಕಣ್ಣಿಗೆ ಬಿತ್ತು.

ಮನೆಗೆ ಹೋಗುವಾಗ ಹೈವೇ ಹತ್ತಿದ ಮೇಲೆ ವೀರಣ್ಣ, "ಮೈಸೂರಿನ ಪುಸ್ತಕ ಆರ್ಸು. ಬೇಕಾದಷ್ಟು ಅದಾವು," ಎಂದರು.

"ಯಾಕೆ? ನಿಮ್ಮೂರು ಅಂದ್ರೆ ನಿಮಗೆ ಖುಷಿ ಆಗ್ಬೇಕಿತ್ತು."

"ಖುಷಿ ಏನಲ್ಲಿ. ಇದ್ದದ್ದು ಇಲ್ಲದ್ದು ಬರದಿರ್ತಾರ. ಮಂದಿ ನನ್ನ ಕೇಳ್ತಾರ, ಹೌದೇನ್ರಿ ಅಂತ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಏನು ಓದುತ್ತಾಳೆ ಎಂದು ಅವರು ಕೇಳಿದವರೇ ಅಲ್ಲ. ಆ ವಾರವೇ ಮತ್ತೊಮ್ಮೆ ಊಟದ ನಡುವೆ ಮೈಸೂರಿನ ಮಾತು ತೆಗೆದರು. ಮುಂದಿನ ವಾರ, ಧಾರವಾಡದ ಅಂಗಡಿಗೆ ತಾವೇ ಪತ್ರ ಬರೆದು ಬೇರೆ ಒಳ್ಳೆಯ ಪುಸ್ತಕ ತರಿಸಿಕೊಡುತ್ತೇನೆ ಎಂದರು. ಊರ್ಮಿಳಾ ಹೂಂ ಎಂದಳು. ಮರುದಿನ ಧಾರವಾಡದಲ್ಲಿದ್ದ ತನ್ನ ತಮ್ಮನಿಗೆ ಫೋನ್ ಮಾಡಿ ಆ ಮೂರು ಪುಸ್ತಕಗಳನ್ನೇ ಕಳಿಸಲು ಹೇಳಿದಳು. ಯಾಕೆ ಹಾಗೆ ಮಾಡಿದೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಬೇಡ ಬೇಡ ಎಂದು ಅವರು ಅಷ್ಟು ಸಲ ಹೇಳದೆ ಇದ್ದಿದ್ದರೆ ಬಹುಶಃ ಮೈಸೂರನ್ನೇ ಆರಿಸುತ್ತಿದ್ದಳು.

ಪಾರ್ಸೆಲ್ ಬಂದದ್ದು ಜನವರಿಯಲ್ಲಿ. ಅವಳು ಮೊದಲು ಕಾದಂಬರಿ ಹಿಡಿದಳು. ನವಿಲಹಾಳದಲ್ಲಿ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಾದ ಜಿನ್ನಿನಲ್ಲಿ ನಡೆದ ಮುಷ್ಕರದ ಕಥೆ ಅದು. ಜಿನ್ನು ವೀರಣ್ಣನ ಮನೆತನದ್ದೇ ಎಂದು ಎರಡನೆಯ ಅಧ್ಯಾಯದಲ್ಲೇ ಗೊತ್ತಾಯಿತು. ಮಾಲೀಕರ ಹೆಸರು ಬದಲಾಗಿತ್ತು, ಆದರೆ ಮನೆಯ ಮುಂದಿನ ಕಲ್ಲಿನ ಕಟ್ಟೆ, ಅತ್ತೆಯ ನಶ್ಯದ ಡಬ್ಬಿ ಎಲ್ಲ ಇದ್ದವು. ನಡುವೆ ಒಂದು ಕಡೆ ಪಾರವ್ವ ಎಂಬ ಕೂಲಿ ಹುಡುಗಿ ಸಾಯುತ್ತಾಳೆ. ಬಾವಿಗೆ ಬಿದ್ದಳೆಂದು ಊರವರು ಹೇಳುತ್ತಾರೆ. ಅವಳ ಸೀರೆ ಒದ್ದೆಯಾಗಿರಲೇ ಇಲ್ಲ ಎಂದು ಒಬ್ಬ ಮುದುಕ ಹೇಳುತ್ತಾನೆ, ಅವನ ಬಾಯಿ ಮುಚ್ಚಿಸುತ್ತಾರೆ. ಕಥೆ ಅಲ್ಲಿ ನಿಲ್ಲದೆ ಮುಷ್ಕರದ ಕಡೆಗೆ ಹೋಗಿಬಿಡುತ್ತದೆ.

ಮೇಷ್ಟ್ರ ಆತ್ಮಕಥೆಯಲ್ಲೂ ಅಂಥದೇ ಒಬ್ಬ ಹುಡುಗಿ ಒಂದು ಪುಟದಲ್ಲಿ ಬಂದು ಹೋಗುತ್ತಾಳೆ. ಏಳನೆಯ ಇಯತ್ತೆಯವರೆಗೆ ತಮ್ಮ ಹತ್ತಿರ ಓದಿದವಳು, ಲೆಕ್ಕದಲ್ಲಿ ಚುರುಕು, ಬಡತನದಿಂದ ಜಿನ್ನಿಗೆ ಹೋದಳು. "ಅವಳ ಹೆಸರು ಇಲ್ಲಿ ಬೇಡ," ಎಂದು ಮೇಷ್ಟ್ರು ಬರೆದಿದ್ದರು. ದೀಪಾವಳಿಯ ಸೂಟಿಯಲ್ಲಿ ಜ್ವರ ಬಂದು ಸತ್ತಳು. ಮಾಲೀಕರ ಮನೆಯ ಹುಡುಗ ಡಾಕ್ಟರಕಿ ಓದುತ್ತಿದ್ದ, ಊರಿಗೆ ಬಂದಿದ್ದ, ಅವನೇ ಔಷಧ ಕೊಟ್ಟನಂತೆ. ಸರಕಾರಿ ದವಾಖಾನೆ ಎರಡೇ ಮೈಲಿ ದೂರವಿದ್ದರೂ ಯಾರೂ ಅಲ್ಲಿಗೆ ಒಯ್ಯಲಿಲ್ಲ.

ಊರ್ಮಿಳಾ ಪುಸ್ತಕ ಮುಚ್ಚಿದಳು. ಮಾಲೀಕರ ಮನೆಯಲ್ಲಿ ಡಾಕ್ಟರಕಿ ಓದಿದವರು ಒಬ್ಬರೇ.

ಮದುವೆಯಾದ ಹೊಸತರಲ್ಲಿ ಅವಳು ನವಿಲಹಾಳಕ್ಕೆ ಒಮ್ಮೆ ಹೋಗಿದ್ದಳು. ಮನೆ, ತೋಟ, ಜಿನ್ನು ಎಲ್ಲವನ್ನೂ ಅತ್ತೆ ಸುತ್ತಾಡಿಸಿ ತೋರಿಸಿದ್ದರು. ಜಿನ್ನಿನ ಹಿಂದೆ ಸಾಲಾಗಿ ಖೋಲಿಗಳು, ಒಂದೊಂದರಲ್ಲೂ ಸೂರು ಮುಟ್ಟುವಷ್ಟು ಅರಳೆ. ಕೊನೆಯ ಖೋಲಿಯ ಬಾಗಿಲಿಗೆ ಮಾತ್ರ ಜಾಲಿಮುಳ್ಳು ಒಟ್ಟಿದ್ದರು. ಅದೇನು ಎಂದು ಕೇಳಿದ್ದಕ್ಕೆ ಅತ್ತೆ, "ಅದು ಹಾಳ ಬಿದ್ದೈತವಾ, ಹಾವು ಅದಾವು," ಎಂದು ಅವಳ ಮುಂಗೈ ಹಿಡಿದು ಈಚೆ ಎಳೆದಿದ್ದರು. ಹಿಡಿತ ಬಿಗಿಯಾಗಿತ್ತು.

ಉಳಿದದ್ದು ಕಥೆಗಳ ಪುಸ್ತಕ, ಆ ಊರಿನ ಹೆಂಗಸೊಬ್ಬಳು ಬರೆದದ್ದು. ಒಂದು ವಾರ ಅದನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಓದಿದ ದಿನ ಹೊರಗೆ ಸಣ್ಣಗೆ ಹಿಮ ಬೀಳುತ್ತಿತ್ತು, ಶಾಲೆ ಆಫೀಸುಗಳಿಗೆ ರಜೆ ಕೊಟ್ಟಿದ್ದರು, ವೀರಣ್ಣ ಮಾತ್ರ ಹೆರಿಗೆಯ ಕೇಸಿಗೆಂದು ಹೋಗಿದ್ದರು. ಕಥೆಯಲ್ಲಿ ಹುಡುಗಿಯ ಹೆಸರು ಕಸ್ತೂರಿ. ಹೇಳುವವಳು ಅವಳ ಗೆಳತಿ. ಅರಳೆ ಖೋಲಿಯ ಕಿಟಕಿಯ ಹೊರಗೆ ನಿಂತಿರುತ್ತಾಳೆ. ಒಳಗಿನಿಂದ ಸ್ಪಿರಿಟ್ಟಿನ ವಾಸನೆ, ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಕಬ್ಬಿಣ ಕಟಕಟ ಎನ್ನುವ ಸದ್ದು. ಕಸ್ತೂರಿ ಅಳುತ್ತಾಳೆ. ಒಂದು ಗಂಡು ದನಿ, ಎಳೆಯ ದನಿ, ಸಮಾಧಾನ ಹೇಳುತ್ತದೆ: "ಆತು, ಆತು, ಇನ್ನ ಚೂರ. ನನ್ನ ಮಾರಿ ನೋಡು. ಆತು."

ಮಗಳು ಶೀತಲ್ ಹುಟ್ಟುವಾಗ ವೀರಣ್ಣನ ಬಾಯಲ್ಲಿ ಊರ್ಮಿಳಾ ಅದನ್ನು ಕೇಳಿದ್ದಳು. ಅದೇ ಮಾತು, ಅದೇ ಕ್ರಮದಲ್ಲಿ. ಅಟ್ಲಾಂಟಾದ ಹೆಂಗಸರು ಬೇಬಿ ಶವರ್‌ಗಳಲ್ಲಿ ಅದನ್ನು ಅನುಕರಿಸಿ ನಗುತ್ತಿದ್ದರು: ನಮ್ಮ ಡಾಕ್ಟರ್ ಅಂಕಲ್ ಆತು ಆತು ಅಂದ್ರೆ ಅರ್ಧ ನೋವು ಹೋದಂಗೆ.

ಅವಳು ಎದ್ದು ಸಿಂಕಿನಲ್ಲಿ ಮುಖ ತೊಳೆದಳು. ಮತ್ತೆ ಬಂದು ಕೂತಳು. ಒಂದೊಂದೇ ಓದಿದ್ದರೆ ಯಾವ ಪುಸ್ತಕವೂ ಏನೂ ಹೇಳುತ್ತಿರಲಿಲ್ಲ.

ಸಂಜೆ ಬಂದ ವೀರಣ್ಣ ಬೂಟು ಬಿಚ್ಚುತ್ತಾ ಮೇಜಿನ ಮೇಲಿದ್ದ ಪುಸ್ತಕಗಳನ್ನು ನೋಡಿದರು. "ಆರ್ಸಿದ್ಯಾ?"

"ಆರಿಸಿದೆ."

"ಯಾವ ಊರು?"

"ನವಿಲಹಾಳ."

ಅವರು ಕೈಕಾಲು ತೊಳೆದು ಬಂದರು. ಊಟ ಮಾಡಿದರು, ಟಿವಿಯಲ್ಲಿ ಹವಾಮಾನ ನೋಡಿದರು, ಮಲಗಿದರು. ಎರಡು ದಿನದ ಮೇಲೆ ಕಥೆಗಳ ಪುಸ್ತಕ ಮೇಜಿನ ಮೇಲಿರಲಿಲ್ಲ. ಅವಳಿಗೆ ಅದು ಸಿಕ್ಕಿದ್ದು ಗರಾಜಿನಲ್ಲಿ, ಹಳೆಯ ಪೇಪರುಗಳ ಕಟ್ಟಿನ ನಡುವೆ. ಮರುದಿನ ಬೆಳಿಗ್ಗೆ ಕಸದ ಲಾರಿ ಬರುವುದಿತ್ತು. ಅವಳು ಅದನ್ನು ಒರೆಸಿ ತಂದು ಇದ್ದ ಜಾಗದಲ್ಲೇ ಇಟ್ಟಳು. ವೀರಣ್ಣ ಸಂಜೆ ನೋಡಿದರು. ಅಂದಿನಿಂದ ಮನೆಯಲ್ಲಿ ಬಾಗಿಲು ಹಾಕುವಾಗ ಇಬ್ಬರೂ ಸದ್ದಾಗದಂತೆ ಹಾಕತೊಡಗಿದರು.

ರೆಸ್ಟನ್‌ನಿಂದ ಮಗಳು ಶೀತಲ್ ಫೋನ್ ಮಾಡಿದಾಗ ಊರ್ಮಿಳಾ ಹೇಳಿಬಿಡೋಣ ಎಂದುಕೊಂಡಳು. "ಅಮ್ಮಾ, ಆರ್ ಯೂ ಓಕೆ? ವಾಯ್ಸ್ ಡಲ್ ಇದೆ," ಎಂದಳು ಶೀತಲ್. "ಥಂಡಿ ಆಗಿದೆ," ಎಂದಳು ಊರ್ಮಿಳಾ. ಆ ಕಡೆ ಮಗಳು ಬಿಸಿನೀರು ಕುಡಿ, ಅಪ್ಪನ್ನ ಕೇಳಿ ಮಾತ್ರೆ ತಗೋ ಎಂದು ಹೇಳುತ್ತಿದ್ದಳು.

ಫೆಬ್ರವರಿಯಲ್ಲಿ ಜ್ಯೋತ್ಸ್ನಾ ಬಸುರಿ ಎಂಬ ಸುದ್ದಿ ಬಂತು. ತಾಯಿ ಬರಲು ವೀಸಾ ಸಿಗುವುದೋ ಇಲ್ಲವೋ ಎಂದು ಹೆದರಿದ್ದಳು, ವೀರಣ್ಣನ ಹತ್ತಿರವೇ ತೋರಿಸಿಕೊಳ್ಳುತ್ತಿದ್ದಳು. ಅವಳ ಕೈಗೂ ಊರ್ಮಿಳಾ ಆ ಪುಸ್ತಕಗಳ ಜೆರಾಕ್ಸ್ ಕೊಡಬೇಕಾಗಿತ್ತು. ಕೊಡುವಾಗ ಬೇಡ ಎಂದು ಒಮ್ಮೆ ಅನ್ನಿಸಿತು. ಕೊಟ್ಟಳು.

ಏಪ್ರಿಲಿನ ಸಭೆ ಅವರ ಮನೆಯಲ್ಲೇ. ವೀರಣ್ಣ ಆಸ್ಪತ್ರೆಗೆ ಹೋಗುವ ನೆಪ ಹೇಳಬಹುದೆಂದು ಅವಳು ಎಣಿಸಿದ್ದಳು. ಅವರು ಇಸ್ತ್ರಿಯ ಶರಟು ತೊಟ್ಟು, ಬಂದವರನ್ನು ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. ಮೊದಲು ಮುಷ್ಕರದ ಮಾತು, ಆಮೇಲೆ ಮೇಷ್ಟ್ರ ಭಾಷೆಯ ಮಾತು. ವೇಣುಗೋಪಾಲ ಊರಿನ ನಕ್ಷೆಯನ್ನೇ ಬರೆದುಕೊಂಡು ಬಂದಿದ್ದರು, ಎಲ್ಲಿ ಜಿನ್ನು, ಎಲ್ಲಿ ಬಾವಿ ಎಂದು ತೋರಿಸಿದರು. ವೀರಣ್ಣ ಒಂದೆರಡು ಕಡೆ ತಿದ್ದಿದರು. ಬಾವಿ ಜಿನ್ನಿನ ಪಕ್ಕದಲ್ಲಲ್ಲ, ಮಠದ ಹಿಂದೆ ಎಂದರು.

ಜ್ಯೋತ್ಸ್ನಾ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. "ಒಂದು ಡೌಟು," ಎಂದಳು. "ಮೂರರಲ್ಲೂ ಒಬ್ಬಳು ಹುಡುಗಿ ಸಾಯ್ತಾಳೆ. ಒಂದರಲ್ಲಿ ಬಾವಿ, ಒಂದರಲ್ಲಿ ಜ್ವರ, ಒಂದರಲ್ಲಿ ಅದು... ಅಬಾರ್ಷನ್. ಮೂವರೂ ಬೇರೆ ಬೇರೆಯವರು ಬರ್ದಿರೋದು. ಒಬ್ಬಳೇ ಹುಡುಗಿ ಅನ್ಸುತ್ತೆ ನಂಗೆ. ಅಂಕಲ್, ನಿಮಗೆ ಗೊತ್ತಿರ್ಬೇಕಲ್ವಾ? ಹೀಗೆ ನಿಜವಾಗ್ಲೂ ನಡೆದಿತ್ತಾ?"

"ಕಥಿ ಅವು," ಎಂದರು ವೀರಣ್ಣ. ದನಿ ಸಮವಾಗಿತ್ತು. "ಒಬ್ಬರದು ಓದಿ ಒಬ್ಬರು ಬರದಿರ್ತಾರ. ಜಿನ್ನಿನ ಹಿಂದ ಅಂಥಾ ಖೋಲಿನೂ ಇರಲಿಲ್ಲ."

"ಹೌದಾ," ಎಂದು ಜ್ಯೋತ್ಸ್ನಾ ಹಾಳೆ ಮಗುಚಿದಳು. ಅವಳಿಗೆ ಅಷ್ಟೇ ಸಾಕಾಗಿತ್ತು. ವೇಣುಗೋಪಾಲ ಕನ್ನಡಕ ಸರಿಮಾಡಿಕೊಂಡು ಮುಂದಿನ ಮಾತಿಗೆ ಬಾಯಿ ತೆರೆದರು.

"ಇತ್ತು," ಎಂದಳು ಊರ್ಮಿಳಾ.

ಎಲ್ಲರೂ ಅವಳ ಕಡೆ ತಿರುಗಿದರು.

"ಕೊನೇ ಖೋಲಿ. ನಾನು ನೋಡಿದೀನಿ. ಬಾಗಿಲಿಗೆ ಮುಳ್ಳು ಹಾಕಿದ್ರು."

ವೇಣುಗೋಪಾಲರ ಹೆಂಡತಿ ವಸಂತಾ ಕೊಬ್ಬರಿ ಮಿಠಾಯಿಯ ತಟ್ಟೆಯನ್ನು ಎತ್ತಿ ಯಾರ ಕಡೆಗೆ ಚಾಚುವುದೆಂದು ತಿಳಿಯದೆ ಹಾಗೇ ಹಿಡಿದಿದ್ದರು. ಜ್ಯೋತ್ಸ್ನಾ ಊರ್ಮಿಳಾಳನ್ನು ನೋಡಿದಳು, ವೀರಣ್ಣನನ್ನು ನೋಡಿದಳು, ಮಡಿಲಲ್ಲಿದ್ದ ಹಾಳೆಗಳನ್ನು ನೋಡಿದಳು. ಆಮೇಲೆ ತನ್ನ ಶಾಲನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ವೇಣುಗೋಪಾಲ ಮುಂದಿನ ಸಭೆಯ ತಾರೀಖಿನ ಮಾತು ತೆಗೆದರು, ಅದು ಬೇಗನೆ ಮುಗಿಯಿತು. ಹೊರಡುವಾಗ ಜ್ಯೋತ್ಸ್ನಾ ಎಂದಿನಂತೆ "ಬುಧವಾರ ಚೆಕಪ್‌ಗೆ ಬರ್ತೀನಿ ಅಂಕಲ್" ಎನ್ನಲಿಲ್ಲ. ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಲೇ ಇದ್ದಳು.

ಕಾರುಗಳ ಸದ್ದು ಅಡಗಿದ ಮೇಲೆ ಊರ್ಮಿಳಾ ಕಪ್ಪುಗಳನ್ನು ಎತ್ತಿಡಲು ಹೋಗಲಿಲ್ಲ. ಗಂಡನ ಎದುರಿನ ಕುರ್ಚಿಯಲ್ಲಿ ಕೂತಳು.

"ಮೂರು ಪುಸ್ತಕದಲ್ಲೂ ಅವಳ ನಿಜವಾದ ಹೆಸರಿಲ್ಲ," ಎಂದಳು. "ಏನು ಹೆಸರು ಅವಳದು?"

ವೀರಣ್ಣ ತಮ್ಮ ಅಂಗೈಗಳನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಇನ್ನೂ ನಡುಗದ ಕೈಗಳು.

"ನೀಲಗಂಗಾ," ಎಂದರು.

ಅವಳು ಕಾದಳು.

"ಅವರವ್ವ ಬಾಗಲದ ಹೊರಗ ಕುಂತಿದ್ಲು. ಎರಡು ದಿನ. ಬಾಗಲಾ ತಗೀರಿ ಅಂತ ಒಂದ ಸಲಾನೂ ಅನ್ನಲಿಲ್ಲ. ನಮ್ಮ ಜಿನ್ನಿನ್ಯಾಗ ದುಡೀತಿದ್ಲಲ್ಲ, ಹೆಂಗ ಅಂದಾಳು." ಅವರು ಅಂಗೈಗಳನ್ನು ಮಗುಚಿ ಇಟ್ಟುಕೊಂಡರು. "ದವಾಖಾನಿಗೆ ಒಯ್ಯೂನು ಅಂತ ನಾ ಅಪ್ಪಗ ಅಂದೆ. ಅಪ್ಪ ಬ್ಯಾಡ ಅಂದ. ನಾ ಸುಮ್ನಾದೆ."

"ಕೂಸು ಯಾರದು?"

ಸೊಂಟದ ಬೆಲ್ಟಿನಲ್ಲಿದ್ದ ಪೇಜರ್ ಕಿರುಗುಟ್ಟಿತು. ವೀರಣ್ಣ ಅದನ್ನು ಎತ್ತಿ ನಂಬರು ನೋಡಿದರು. ಅಡುಗೆಮನೆಗೆ ಹೋಗಿ ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು: ಎಷ್ಟು ಹೊತ್ತಿನಿಂದ ನೋವು, ಮಗುವಿನ ಎದೆಬಡಿತ ಎಷ್ಟು, ಸರಿ, ಬರುತ್ತೇನೆ. ಗೂಟದಿಂದ ಬೀಗದ ಕೈ ತೆಗೆದುಕೊಂಡರು. ಬಾಗಿಲ ಬಳಿ ಒಂದು ಕ್ಷಣ ನಿಂತರು. ಹಿಂತಿರುಗಿ ನೋಡಲಿಲ್ಲ.

ಊರ್ಮಿಳಾ ಕಿಟಕಿಯ ಹತ್ತಿರ ಬಂದಳು. ಪೈನ್ ಮರಗಳ ಹೂಧೂಳಿ ಇಡೀ ಬೀದಿಗೆ ಅರಿಸಿನ ಬಳಿದಂತೆ ಕೂತಿತ್ತು. ಕಾರಿನ ಗಾಜು ಕಾಣದಷ್ಟು ದಪ್ಪಗೆ. ಎಂಜಿನ್ನಿನ ಸದ್ದಾಯಿತು. ವೈಪರುಗಳು ಎದ್ದವು, ಒಣಗಾಜಿನ ಮೇಲೆ ಹಳದಿಯನ್ನು ಅತ್ತ ತಳ್ಳಿದವು, ಇತ್ತ ತಳ್ಳಿದವು. ಕಾರು ಹೊರಡಲಿಲ್ಲ. ಗಾಜಿನಲ್ಲಿ ಅರೆಚಂದ್ರದಷ್ಟು ಜಾಗ ತೆರವಾಗಿತ್ತು. ಅದರಲ್ಲಿ ಸ್ಟೀರಿಂಗ್ ಹಿಡಿದ ಎರಡು ಕೈಗಳಷ್ಟೇ ಕಾಣುತ್ತಿದ್ದವು. ವೈಪರುಗಳು ಕರಕರ ಎನ್ನುತ್ತಾ ಆಡುತ್ತಲೇ ಇದ್ದವು.