ಎಂಟು ಬಿದ್ದರೆ ಮತ್ತೊಮ್ಮೆ

ತೌಹೀದ ಎಸೆದ ಎಂಟು ಮುಖದ ದಾಳ ಕಾಗದದ ಬಂಡಲಿನ ಮೇಲೆ ಉರುಳಿ ಎಂಟಕ್ಕೇ ನಿಂತಿತು.

"ಎಂಟು! ಕೈ ಬಿಡಂಗಿಲ್ಲ," ಎಂದವನೇ ಮತ್ತೆ ಎಸೆದ. ಮತ್ತೂ ಎಂಟು. ಮೂರನೆಯ ಸಲ ಐದು. "ಇಪ್ಪತ್ತೊಂದಾತು. ರಾಕ್ಷಸನ ತೋಳಬಲ ಮೂರು. ಒಟ್ಟ ಇಪ್ಪತ್ನಾಕು ಪೆಟ್ಟು. ನಿನ್ನ ಜೀವ ಎಷ್ಟೈತಲೇ ಮಾಳ್ಯಾ?"

"ಹತ್ತೊಂಬತ್ತು," ಎಂದ ಮಾಳಿಂಗರಾಯ.

"ಹಂಗಾರ ಸತ್ತಿ."

ಮಾಳಿಂಗರಾಯ ತನ್ನ ವೀರನ ಹಾಳೆಯಲ್ಲಿ ಹತ್ತೊಂಬತ್ತನ್ನು ಅಳಿಸಿ ಪೆನ್ಸಿಲಿನಿಂದ ಸೊನ್ನೆ ಬರೆದ. ವೀರನ ಹೆಸರು ಕಲ್ಲೆದೆ. ಹೊಂಬಳದಲ್ಲಿ ವಾರವಿಡೀ ಟ್ರ್ಯಾಕ್ಟರ್ ಹೊಡೆದು, ರವಿವಾರ ಬಸ್ಸು ಹತ್ತಿ ಬಂದು, ಮಾಳಿಂಗರಾಯ ಎರಡು ವರ್ಷ ಆಟದಲ್ಲಿ ಬದುಕಿಸಿಕೊಂಡು ಬಂದಿದ್ದ ವೀರ.

ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನ ಅಟ್ಟ ರವಿವಾರ ತೌಹೀದನ ರಾಜ್ಯ. ಉಳಿದ ಆರು ದಿನ ಕೆಳಗೆ ಕಾಗದ ಕತ್ತರಿಸುವ ಯಂತ್ರದ ಮುಂದೆ ಮಾಲೀಕನ ಬೈಗುಳ ತಿನ್ನಬೇಕು. ಒಂಬತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಪಾಠ ಓದಲು ಅವನನ್ನು ಎಬ್ಬಿಸಿ, ತಡವರಿಸಿದ್ದಕ್ಕೆ ಮಾಸ್ತರರು ಇಡೀ ವರ್ಗವನ್ನೇ ನಗಿಸಿದ್ದರು. ಮರುದಿನದಿಂದ ಅವನು ಶಾಲೆಯ ಕಡೆ ತಲೆಹಾಕಲಿಲ್ಲ. ಇಲ್ಲಿ ಮಾತ್ರ ಕತೆ ಹೇಳಿ ಆಟ ನಡೆಸುವವನು ಅವನೇ; ಗುಹೆ ಅವನದು, ರಾಕ್ಷಸ ಅವನದು, ಯಾರಿಗೆ ಎಷ್ಟು ಪೆಟ್ಟು ಎನ್ನುವ ಲೆಕ್ಕವೂ ಅವನದೇ. ಇಲ್ಲಿ ಯಾರೂ ಅವನನ್ನು ನೋಡಿ ನಕ್ಕಿರಲಿಲ್ಲ.

"ತೌಹೀದಣ್ಣ, ಒಂದ್ ಮಾತು ಹೇಳ್ಲೇನ್ರಿ?"

ವಿಶ್ರುತ ಅಂದೇ ಮೊದಲ ಸಲ ಬಂದವನು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ತೌಹೀದ ಮೊಬೈಲಿನಿಂದ ಇಳಿಸಿ ರದ್ದಿ ಕಾಗದದ ಮೇಲೆ ಅಚ್ಚು ಹಾಕಿಕೊಂಡಿದ್ದ, ಆಟದ ನಿಯಮಗಳ ಇಂಗ್ಲಿಷ್ ಪುಸ್ತಕದ್ದೇ ಅಸಲು ಪ್ರತಿ ಅವನ ತೊಡೆಯ ಮೇಲಿತ್ತು.

"ಎಂಟು ಬಿದ್ರ ಮತ್ತ ಒಗೀಬೇಕು ಅಂತ ಇದರಾಗ ಎಲ್ಲೂ ಇಲ್ರಿ. ಒಂದ ಸಲ ಒಗ್ಯೂದು, ತೋಳಬಲ ಕೂಡಸೂದು. ಎಂಟಕ್ಕ ಮೂರು ಹನ್ನೊಂದು. ಇವರಿಗಿನ್ನೂ ಎಂಟು ಜೀವ ಉಳದಾವ."

ಬೈಂಡಿಂಗ್ ಕೆಲಸದ ಸಮೀವುಲ್ಲಾ ಹೋ ಎಂದು ನಕ್ಕ. "ಯಾ ಅಲ್ಲಾ! ಹಂಗಾರ ಹ್ವಾದ ವರ್ಷ ನನ್ನ ಮಂತ್ರವಾದಿ ಸತ್ತಿದ್ದೂ ಸುಳ್ಳೇನಲೇ? ಪುಕ್ಕಟೆ ಮಣ್ಣ ಮಾಡಿದ್ವಲ್ಲೋ!"

ಆ ನಗೆ ತೌಹೀದನ ಎದೆಗೆ ನಾಟಿತು. ಆ ನಿಯಮ ಎಲ್ಲಿಂದ ಬಂತೆಂಬುದು ಅವನಿಗೆ ಆ ಕ್ಷಣವೇ ಹೊಳೆದಿತ್ತು. ಅಜ್ಜಿ ಮೋತಿಬಿ ಅಂಗಳದಲ್ಲಿ ಚೌಕಾಬಾರ ಕಲಿಸುವಾಗ ಹೇಳಿದ್ದಳು: ದೊಡ್ಡ ಎಣಿಕೆ ಬಿದ್ದರೆ ಕವಡೆ ಇನ್ನೊಬ್ಬರಿಗೆ ಕೊಡಬೇಡ, ಮತ್ತೊಮ್ಮೆ ಒಗಿ. ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತ, ತಿಳಿಯದ ಕಡೆ ತನಗೆ ತಿಳಿದಿದ್ದನ್ನು ತುಂಬಿಕೊಂಡಿದ್ದ. ಜಗತ್ತಿನಲ್ಲಿ ಬೇರೆ ಥರ ಎಸೆಯುವವರಿದ್ದಾರೆಂದು ಅನ್ನಿಸಿಯೇ ಇರಲಿಲ್ಲ. ರಾಕ್ಷಸರೂ ಆ ಲೆಕ್ಕದಲ್ಲೇ ಸತ್ತಿದ್ದರು. ಆದರೆ ರಾಕ್ಷಸರಿಗೆ ಅಳುವವರು ಯಾರು?

"ತೌಹೀದ, ಒಂದ್ ಸಲ ಪುಸ್ತಕ ನೋಡರ ನೋಡೋ," ಎಂದ ಮಾಳಿಂಗರಾಯ.

"ಯಾಕ? ನನಗ ಓದಾಕ ಬರಂಗಿಲ್ಲಂತೀ?"

"ನಾ ಹಂಗ ಅಂದ್ನೇನು?"

"ಪುಸ್ತಕ ಅವಂದು, ಆಟ ನಂದು! ಇಲ್ಲೆ ನಾ ಹೇಳಿದ್ದ ಕಾಯ್ದೆ. ಸತ್ತಾಂವ ಸತ್ತಂಗ. ಅಳಾದಿದ್ರ ಊರಿಗೆ ಹೋಗಿ ಅಳಲೇ, ಟ್ರ್ಯಾಕ್ಟರ್ ಹೊಡ್ಯಾಂವಗ ಇದೆಲ್ಲಾ ಯಾಕ ಬೇಕು?"

ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಮಾಳಿಂಗರಾಯ ಹಾಳೆಯನ್ನು ಬಂಡಲಿನ ಮೇಲಿಟ್ಟ, ಹಾರದಿರಲೆಂದು ಅದರ ಮೇಲೆ ದಾಳ ಇಟ್ಟ, ಏಣಿ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಸಮೀವುಲ್ಲಾನೂ ಎದ್ದ. "ನೋಡಿ ಆಮ್ಯಾಲ ಕೊಡ್ರಿ," ಎಂದು ವಿಶ್ರುತ ಪುಸ್ತಕ ಬಿಟ್ಟು ಹೋದ. ಆ ಸಭ್ಯತೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಒಬ್ಬನೇ ಕೂತು ಓದಿದ. ಪೆಟ್ಟಿನ ಲೆಕ್ಕ ಇದ್ದದ್ದು ನಾಲ್ಕೇ ಸಾಲು. ಒಂದೊಂದು ಶಬ್ದವನ್ನೂ ಮೊಬೈಲಿಗೆ ಹಾಕಿ ನೋಡಿದ. ಮತ್ತೊಮ್ಮೆ ಎನ್ನುವ ಮಾತು ಎಲ್ಲೂ ಇರಲಿಲ್ಲ. ಹಾಳೆಯ ಸೊನ್ನೆಯನ್ನು ರಬ್ಬರಿನಿಂದ ಗಸಗಸ ತಿಕ್ಕಿ ಎಂಟು ಬರೆದ, ಅದನ್ನು ಹಿಡಿದು ಸೈಕಲ್ ಹತ್ತಿದ.

ಹೊಂಬಳದ ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ಇತ್ತು. ಕಿಟಕಿಯ ಬಳಿ ಮಾಳಿಂಗರಾಯ ಕೂತಿದ್ದ.

"ಮಾಳ್ಯಾ, ನಂದ ತಪ್ಪಾತಲೇ. ಕಲ್ಲೆದೆ ಸತ್ತಿಲ್ಲ. ಎಂಟು ಉಳದಾವ, ತಗೋ."

ಮಾಳಿಂಗರಾಯ ಬಸ್ಸಿನೊಳಗೊಮ್ಮೆ ಕಣ್ಣಾಡಿಸಿದ. "ಇದನ್ನ ಈ ಮಂದಿ ಮುಂದ ಯಾಕ ಹೇಳ್ತಿ? ಇವರಿಗೇನ ಗೊತ್ತು? ಅಲ್ಲೆ ಹೇಳಬೇಕಿತ್ತು. ಅವರಿಬ್ಬರ ಮುಂದ."

"ಬರೂ ರವಿವಾರ ಹೇಳ್ತೀನಿ. ಖರೇನ."

"ಹೇಳು. ಟ್ರ್ಯಾಕ್ಟರ್ ಹೊಡ್ಯಾಂವ ಬರಂಗಿಲ್ಲ."

ಕಂಡಕ್ಟರ್ ಸೀಟಿ ಊದಿದ. ಹಾಳೆಯನ್ನು ಕಿಟಕಿಗೆ ಚಾಚಿಕೊಂಡೇ ತೌಹೀದ ನಾಲ್ಕು ಹೆಜ್ಜೆ ಓಡಿದ. ಒಳಗಿಂದ ಕೈ ಬರಲಿಲ್ಲ. ಬಸ್ಸಿನ ಹೊಗೆ ಕರಗಿದ ಮೇಲೆ ಹಾಳೆ ನೋಡಿದ. ಜೋರಾಗಿ ತಿಕ್ಕಿದ್ದಕ್ಕೆ ಎಂಟರ ಕೆಳಗೆ ಕಾಗದ ಹರಿದಿತ್ತು.