ಲಿಖಿತಾ ಎಷ್ಟು ಸಲ ತಿರುಗಿ ನೋಡಿದಳು?

ಹನುಮಂತನಗರದಲ್ಲಿ ನಮ್ಮ ಪಕ್ಕದ ಮನೆಯ ಲಿಖಿತಾಗೆ ಹದಿಮೂರು ವರ್ಷ. ಖೋ ಖೋ ಅಂದರೆ ಪ್ರಾಣ. ಆದರೂ ಹೋದ ವರ್ಷ ಪ್ರಾಕ್ಟೀಸ್ ದಿನ ಬಂದರೆ ಸಾಕು, ಹೊಟ್ಟೆನೋವು ಶುರು. ಡಾಕ್ಟರು ನೋಡಿ, ಹೊಟ್ಟೆಗೇನೂ ಆಗಿಲ್ಲ ಎಂದರು. ಆಗಿನ ಕೋಚ್ ತಪ್ಪು ಮಾಡಿದ ಮಕ್ಕಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದರು. ನನ್ನ ಮಗಳೂ ಅಲ್ಲೇ ಆಡುತ್ತಾಳೆ. "ಒಳ್ಳೇ ಸ್ಟ್ರಿಕ್ಟು" ಎಂದು ನಾನೇ ಅವರನ್ನು ಹೊಗಳಿದ್ದೆ, ನನ್ನ ಬುದ್ಧಿಗಿಷ್ಟು!

ಈ ವರ್ಷ ಅವರ ಜಾಗಕ್ಕೆ ಕಲ್ಯಾಣಿ ಮೇಡಂ ಬಂದರು, ಬೈಗುಳ ನಿಂತಿತು. ಲಿಖಿತಾಳ ಅಪ್ಪ, ಪಾತ್ರೆ ಅಂಗಡಿಯ ಶಾಂತವೀರಪ್ಪನವರಿಗೆ ಅದೇ ಚಿಂತೆಯಾಯಿತು.

"ಮೇಡಂ, ನೀವು ತುಂಬಾ ಸಾಫ್ಟು. ಹೆದರಿಕೆ ಇಲ್ದೇ ಮಕ್ಳು ಕಲೀತಾರಾ? ಮುಂದಿನ ವಾರ ಟೀಮ್ ಸೆಲೆಕ್ಷನ್. ಇವ್ಳು ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಆಟ ಬಿಡಿಸ್ಬಿಡ್ತೀನಿ."

"ನಾನು ಸಾಫ್ಟಾ ಸಾರ್? ನಿನ್ನೆ ಕೂತಲ್ಲಿಂದ ಎದ್ದು ಓಡೋದನ್ನ ನಲವತ್ತು ಸಲ ಮಾಡಿಸಿದ್ದೀನಿ. ನಿಮ್ಮ ಮಗಳ ಕಾಲನ್ನೇ ಕೇಳಿ," ಎಂದು ಮೇಡಂ ನಕ್ಕರು. "ಒಂದು ಕೆಲಸ ಮಾಡಿ. ಇವತ್ತಿನ ಆಟದಲ್ಲಿ ಅವ್ಳು ನಿಮ್ಮ ಕಡೆ ಎಷ್ಟು ಸಲ ತಿರುಗಿ ನೋಡ್ತಾಳೆ, ಎಣಿಸಿ."

ಶಾಂತವೀರಪ್ಪನವರು ಎಂದಿನಂತೆ ಬೇಲಿಗೆ ಆತು ನಿಂತು, "ಬೇಗ ಏಳೇ! ಓಡೇ!" ಎಂದು ಕೂಗುತ್ತಲೇ ಎಣಿಸಿದರು. ಒಂದು ಸಲವಂತೂ ಲಿಖಿತಾ ಅಪ್ಪನ ಮುಖ ನೋಡುತ್ತಿದ್ದಾಗಲೇ ಬೆನ್ನ ಹಿಂದೆ "ಖೋ" ಬಿತ್ತು. ಅವಳು ಗಾಬರಿಯಿಂದ ಏಳುವಷ್ಟರಲ್ಲಿ ಎದುರಾಳಿ ದಾಟಿ ಹೋಗಿದ್ದಳು.

"ಹನ್ನೊಂದು ಸಲ ಮೇಡಂ," ಎಂದರು ಕೊನೆಗೆ. ದನಿ ಇಳಿದಿತ್ತು. "ತಪ್ಪಾದಾಗೆಲ್ಲಾ ನನ್ನ ಮುಖಾನೇ ನೋಡ್ತಾಳಲ್ಲ!"

"ಬೈಸ್ಕೊಂಡು ಅಭ್ಯಾಸ ಆಗಿದೆ ಸಾರ್. ತಪ್ಪಾದ ತಕ್ಷಣ ಯಾರು ಬೈತಾರೆ ಅಂತ ನೋಡ್ತಾಳೆ. ಆಗ ಆಟದ ಮೇಲೆ ಗಮನ ಎಲ್ಲಿರುತ್ತೆ? ತಪ್ಪು ತಿದ್ದಬೇಕು, ಮಗೂಗೆ ಅವಮಾನ ಮಾಡ್ಬಾರ್ದು."

ಮೇಡಂ ಲಿಖಿತಾಳನ್ನು ಕರೆದರು. "ಓಡೋವಾಗ ಭುಜ ಹಿಂದಕ್ಕೆ ತಿರುಗ್ತಿದೆ ಕಣೇ, ಅದಕ್ಕೇ ಫೌಲು. ನಾಳೆ ಅದನ್ನೇ ಸರಿ ಮಾಡೋಣ. ಆದ್ರೆ ಆ ಡೈವ್ ಇತ್ತಲ್ಲ, ಸಖತ್!"

ಹುಡುಗಿಯ ಮುಖ ಅರಳಿತು. ಇಂಥವರ ಕೈಗೆ ನಮ್ಮ ಮಕ್ಕಳು ಸಿಕ್ಕಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಸೆಲೆಕ್ಷನ್ ದಿನ ಶಾಂತವೀರಪ್ಪನವರು ಬಾಯಿ ಬಿಗಿಹಿಡಿದು ನಿಂತಿದ್ದರು. ಅವರಿಗದು ಸುಲಭವಲ್ಲ, ಬೇಲಿಯ ತಂತಿ ಹಿಡಿದ ಕೈ ಕೆಂಪಾಗಿತ್ತು. ಲಿಖಿತಾ ಒಂದು ಫೌಲ್ ಮಾಡಿದಳು, ಆದರೆ ಅಪ್ಪನ ಕಡೆ ತಿರುಗಿಯೂ ನೋಡದೆ ಓಡಿ ಮುಂದಿನ ಗಳಿಗೆಯಲ್ಲೇ ಒಬ್ಬಳನ್ನು ಔಟ್ ಮಾಡಿದಳು. ಅಷ್ಟು ಚೆನ್ನಾಗಿ ಅವಳು ಆಡಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಟೀಮಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಲಿಖಿತಾ ತಲೆ ತಗ್ಗಿಸಿ ಅಪ್ಪನ ಮುಂದೆ ಬಂದು ನಿಂತಳು. "ಅಪ್ಪಾ, ಇನ್ಮೇಲೆ ಆಡೋ ಹಾಗಿಲ್ವಾ?"

ಶಾಂತವೀರಪ್ಪನವರು ಅವಳ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. "ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಪುಟ್ಟಾ?"

ಅವಳು ಅಲ್ಲೇ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಈ ವಾರ ನಿಮ್ಮ ಮಗು ಆಡುವ ಮೈದಾನಕ್ಕೆ ಹೋಗಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಕೋಚ್ ತಪ್ಪು ತಿದ್ದುತ್ತಾರೋ, ಮಗುವಿನ ಮಾನ ಕಳೆಯುತ್ತಾರೋ ಗಮನಿಸಿ. ಆಟಕ್ಕೆ ಹೋಗಲು ಮಗು ಹಿಂಜರಿದರೆ ನಾಟಕ ಎನ್ನಬೇಡಿ, ಹತ್ತಿರ ಕೂರಿಸಿಕೊಂಡು ಯಾಕೆಂದು ಕೇಳಿ. ಕಲ್ಯಾಣಿ ಮೇಡಂನಂಥವರು ಸಿಕ್ಕಿದ್ದರೆ, ಗೆದ್ದ ದಿನಕ್ಕಾಗಿ ಕಾಯದೆ ಇವತ್ತೇ ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿ ಬನ್ನಿ.