ಹೊಸಿಲಿಗೆ ಹಾಕಿದ ನೀರು

ಓದಲೆಂದು ಸ್ಪೇನಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಮೇಘಶ್ರೀ ಹಲ್ಲುಜ್ಜುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಏನೋ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಒಂದು ಕೂಗು. ಬಾಗಿಲು ತೆಗೆದು ನೋಡುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. ಬಾಯಲ್ಲಿದ್ದ ನೊರೆಯನ್ನು ಉಗುಳುವುದೂ ಮರೆತು ನಿಂತಳು.

ಮೇಲಿನ ಮನೆಯ ಅಜ್ಜಿ ಕೊನ್ಸುಯೆಲೊ ಬ್ರೆಡ್ ತರಲು ಇಳಿಯುತ್ತಿದ್ದವರು ಜಾರಿ ಬಿದ್ದಿದ್ದರು. ಮೇಘಶ್ರೀ ಉಳಿದುಕೊಂಡಿದ್ದ ಮನೆಯ ಒಡತಿ ಪಿಲಾರ್ ಚಪ್ಪಲಿಯಿಲ್ಲದೆ ಓಡಿದರು. ಅಜ್ಜಿಯ ಮಣಿಕಟ್ಟು ಬಲೂನಿನಂತೆ ಊದುತ್ತಿತ್ತು. ಮೆಟ್ಟಿಲ ಅಂಚಿನಲ್ಲಿ ಒಂದು ಅಂಗೈಯಷ್ಟು ನೀರು ಹೊಳೆಯುತ್ತಿತ್ತು.

ಆ ನೀರು ಮೇಘಶ್ರೀಯದು.

ಹೊರಡುವ ದಿನ ಶ್ರೀರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಹೊನ್ನಕ್ಕ ಕೈ ಹಿಡಿದುಕೊಂಡು ಹೇಳಿದ್ದಳು: "ಉಣ್ಣಾಕೆ ಇಕ್ಕೋ ಮನೆ ಕಣವ್ವ. ಬಾಗ್ಲು ಒಣಗಿರಬಾರ್ದು. ಒಂದು ಚೊಂಬು ನೀರು ಹಾಕು, ಸಾಕು." ಎರಡು ದಿನ ಅವಳು ಎಲ್ಲರಿಗಿಂತ ಮುಂಚೆ ಎದ್ದು ಜಗ್ಗಿನಲ್ಲಿ ನೀರು ತಂದು ಹೊಸಿಲ ಮುಂದೆ ಚಿಮುಕಿಸಿ, ಅಂಗೈಯಿಂದ ಸವರಿ, ಒದ್ದೆ ಬೆರಳಲ್ಲೇ ನಾಲ್ಕು ಚುಕ್ಕಿಯ ರಂಗೋಲಿ ಎಳೆದಿದ್ದಳು. ಯಾರೂ ನೋಡುವ ಮೊದಲೇ ಅದು ಆರಿಹೋಗುತ್ತಿತ್ತು. ನಾಲ್ಕನೆಯ ದಿನ, ನೀರು ಹಾಕುತ್ತಿದ್ದಂತೆಯೇ ಒಳಗೆ ಪಿಲಾರ್ ಅವರ ಅಲಾರಾಂ ಬಡಿದುಕೊಂಡಿತು. ಸವರದೆ ಒಳಗೆ ಓಡಿ ಬಂದಿದ್ದಳು. ಊರಿನ ಅಂಗಳವಾದರೆ ಮಣ್ಣು ಕುಡಿದುಬಿಡುತ್ತಿತ್ತು. ಇಲ್ಲಿ ನುಣ್ಣನೆಯ ಕಲ್ಲು.

ಹತ್ತು ಗಂಟೆಗೆ ಮೆಟ್ಟಿಲು ಒರೆಸುವ ಮರಿಸೋಲ್ ಬಂದಳು. ಈಕ್ವೆಡಾರಿನಿಂದ ದುಡಿಯಲು ಬಂದವಳು. ಮೊದಲ ದಿನ ಮೇಘಶ್ರೀಯ ದೊಡ್ಡ ಸೂಟ್‌ಕೇಸಿನ ಒಂದು ಕಡೆ ಹಿಡಿದು ಮೇಲಕ್ಕೆ ತಂದವಳು. ಕಟ್ಟಡದ ಕಾರ್ಯದರ್ಶಿ ಕೆಳಮನೆಯಿಂದ ಬಂದು ಅವಳ ಮೇಲೆ ಕೂಗಾಡಿದ. ಮೇಘಶ್ರೀಗೆ ಅರ್ಧ ಅರ್ಥವಾಯಿತು, ಆ ಅರ್ಧವೇ ಸಾಕಿತ್ತು. ನೆಲ ಒದ್ದೆ ಬಿಡುವುದು ನಿನ್ನ ಅಭ್ಯಾಸ, ಸಂಜೆ ಏಳಕ್ಕೆ ಎಲ್ಲರೂ ಸೇರುತ್ತೇವೆ, ಆಮೇಲೆ ನೀನು ಬರಬೇಕಾಗಿಲ್ಲ. ತಾನು ಈಗಷ್ಟೇ ಬಂದೆ ಎಂದು ಮರಿಸೋಲ್ ಒಣ ಮಾಪನ್ನು ಎತ್ತಿ ಎತ್ತಿ ತೋರಿಸುತ್ತಿದ್ದಳು. ಯಾರೂ ಅದನ್ನು ಮುಟ್ಟಿ ನೋಡಲಿಲ್ಲ.

ತರಗತಿಯ ಬಿಡುವಿನಲ್ಲಿ ಮೇಘಶ್ರೀ ಮನೆಗೆ ಫೋನ್ ಮಾಡಿದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ನೀನ್ ಹಾಕಿದ್ದು ಯಾರಾದ್ರೂ ನೋಡ್ಯಾರಾ?" ಎಂದಳು ಹೊನ್ನಕ್ಕ.

"ಇಲ್ಲ."

"ಮತ್ತೆ? ಬಾಯಿ ಮುಚ್ಕಂಡಿರು."

"ನೀನೇ ಅಲ್ವೇನವ್ವ ಹಾಕು ಅಂದಿದ್ದು?"

"ಹಾಕು ಅಂದೆ. ಒರಸಬ್ಯಾಡ ಅಂದ್ನಾ?"

ಪಕ್ಕದ ಮನೆಯ ಏಕನಾಥಮ್ಮನ ದನಿ ನಡುವೆ ತೂರಿತು: "ಇಷ್ಟ್ ವರ್ಷ ನೀರು ಹಾಕೀವಿ, ನಮ್ಮೋಣ್ಯಾಗೆ ಒಂದು ಕೋಳಿನೂ ಜಾರಿಲ್ಲ. ಆ ದೇಶದೋರು ಹೆಂಗ್ ನಡೀತಾರವ್ವ?"

"ನೀನ್ ಸುಮ್ಕಿರೇ," ಎಂದು ಗದರಿದ ಹೊನ್ನಕ್ಕನ ದನಿ ತಗ್ಗಿತು. "ಇಲ್ಲಾದ್ರೆ ಬಿಡುಸ್ಕಳಾಕೆ ನಾವ್ ಅದೀವಿ. ಅಲ್ಲಿ ಯಾರದಾರೆ ನಿಂಗೆ? ಆ ಯಮ್ಮ ಮನೆ ಬಿಟ್ಟು ಹೋಗು ಅಂದ್ರೆ ಏನ್ ಮಾಡ್ತೀಯ?"

ಅದೇ ಭಯ ಮೇಘಶ್ರೀಗೂ ಇತ್ತು. ಮನೆಯವರು ಬೇಡವೆಂದರೆ ಇನ್ನೊಂದು ಮನೆ ಹುಡುಕಿಕೊಡುವುದು ಕಷ್ಟ ಎಂದು ಶಾಲೆಯವರು ಮೊದಲ ದಿನವೇ ಎಚ್ಚರಿಸಿದ್ದರು. ಅವಳ ಕಾಗದಗಳ ಮೇಲೆಲ್ಲ ಇದ್ದದ್ದು ಪಿಲಾರ್ ಅವರ ವಿಳಾಸ. ಚಿತ್ರದುರ್ಗದ ಕಾಲೇಜಿನಿಂದ ಈ ನಾಲ್ಕು ತಿಂಗಳ ಕಲಿಕೆಗೆ ಆಯ್ಕೆಯಾದವಳು ಅವಳೊಬ್ಬಳೇ.

"ಕೇಳ್ತಾ ಇದೀಯಾ?"

"ಕೇಳ್ತಾ ಇದೀನಿ. ಆ ಮೆಟ್ಟಿಲು ಒರೆಸೋಳೂ ನಿನ್ನಂಗೆ ಕೂಲಿ ಮಾಡೋಳೇ ಕಣವ್ವ."

"ಉಂಡ್ಯಾ?" ಎಂದಷ್ಟೇ ಕೇಳಿದಳು ಹೊನ್ನಕ್ಕ.

ಸಂಜೆ ಏಳಕ್ಕೆ ಆರೇಳು ಜನ ಮೆಟ್ಟಿಲ ಮೇಲೆ ನಿಂತಿದ್ದರು. ಆಸ್ಪತ್ರೆಯಲ್ಲಿದ್ದ ಅಜ್ಜಿಯ ಎಲುಬು ಮುರಿದಿದೆಯಂತೆ. ಮರಿಸೋಲ್ ಮಾಪನ್ನು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಕೆಲಸದಿಂದ ತೆಗೆಯುವ ಹಾಳೆಯೊಂದನ್ನು ಕಾರ್ಯದರ್ಶಿ ಎಲ್ಲರ ಸಹಿಗೆ ದಾಟಿಸುತ್ತಿದ್ದ. ಹಾಳೆ ಪಿಲಾರ್ ಅವರ ಕೈಗೆ ಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು.

ಮೇಘಶ್ರೀ ಅಡುಗೆಮನೆಗೆ ಹೋಗಿ ಜಗ್ಗು ತುಂಬಿಸಿದಳು. ದಾರಿಯುದ್ದಕ್ಕೂ ನೀರು ತುಳುಕಿತು. ಜನರನ್ನು ಸರಿಸಿಕೊಂಡು ಹೊಸಿಲ ಮುಂದೆ ಮಂಡಿಯೂರಿ ನೀರು ಸುರಿದಳು. ಯಾರೋ ಚೀರಿದರು. ಅವಳು ತಲೆ ಎತ್ತಲಿಲ್ಲ. ಅಂಗೈಯಿಂದ ಸವರಿ, ಬೆರಳಿನಿಂದ ನಾಲ್ಕು ಚುಕ್ಕಿ ಇಟ್ಟು, ಸುತ್ತ ಗೆರೆ ಎಳೆದಳು. ಆಮೇಲೆ ಅಂಚಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿದ್ದ ನೀರನ್ನು ತೋರಿಸಿ, ಎದೆ ಮುಟ್ಟಿಕೊಂಡಳು.

"ನಾನು," ಎಂದಳು, ಅವರ ಭಾಷೆಯಲ್ಲಿ. "ದಿನಾ ಬೆಳಿಗ್ಗೆ. ನಾನು."

ಕಾರ್ಯದರ್ಶಿ ಏನೋ ಕೂಗಿದ. ಪಿಲಾರ್ ಮುಖ ಕೆಂಪಾಗಿತ್ತು. ಅವರು ಸಹಿ ಹಾಕದೆ ಹಾಳೆಯನ್ನು ಅವನ ಕೈಗೆ ತುರುಕಿ, ಮೇಘಶ್ರೀಯ ಕಡೆ ತಿರುಗಿ, ಅವಳಿಗೆ ತಿಳಿಯಲೆಂದೇ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನಾಳೆ. ಆಸ್ಪತ್ರೆ. ನೀನೂ ನಾನೂ. ಕೊನ್ಸುಯೆಲೊಗೆ ನೀನೇ ಹೇಳಬೇಕು."

ಆ ಮುಖದಲ್ಲಿ ಕ್ಷಮೆಯಿರಲಿಲ್ಲ. ಆದರೆ ನೀನೂ ನಾನೂ ಎಂದಿದ್ದರು.

ಮರಿಸೋಲ್ ಗೋಡೆ ಬಿಟ್ಟು ಬಂದಳು. ಆ ನೀರಿನ ಗೆರೆಗಳನ್ನು ಒಂದು ಕ್ಷಣ ನೋಡಿ, ಮಾಪನ್ನು ಮೇಘಶ್ರೀಯ ಕೈಗೆ ಕೊಟ್ಟಳು. ಮೇಘಶ್ರೀ ಒರೆಸತೊಡಗಿದಳು. ಮರಿಸೋಲ್ ಬೆರಳು ತೋರಿಸಿದ ಕಡೆ ಇನ್ನೂ ಒದ್ದೆ ಇತ್ತು, ಅಲ್ಲಿಯೂ ಒರೆಸಿದಳು.